ಒಲೆ ಆರಿಸಿದ ಮೇಲೆ: ಕೊಚ್ಚಿಯ ಮನೆಯಡುಗೆಯವರಿಗೊಂದು ಬಹಿರಂಗ ಪತ್ರ

ಕೊಚ್ಚಿ, ಎರ್ನಾಕುಲಂ, ತ್ರಿಪ್ಪೂಣಿತ್ತುರ, ಕಾಕ್ಕನಾಡುಗಳಲ್ಲಿ ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುವ, ಉಪ್ಪಿನಕಾಯಿ ಚಟ್ನಿಪುಡಿ ಮಾರುವ, ಕೇಕು ಮಾಡಿಕೊಡುವ ಕನ್ನಡದ ಅಕ್ಕಂದಿರಿಗೆ, ತಂಗಿಯರಿಗೆ, ಈ ಕೆಲಸಕ್ಕಿಳಿದ ಅಣ್ಣತಮ್ಮಂದಿರಿಗೆ,



ನಿಮ್ಮಲ್ಲಿ ಕೆಲವರು ಬ್ಯಾಂಕಿನ ವರ್ಗಾವಣೆಯಲ್ಲಿ ಈ ಊರಿಗೆ ಬಂದವರು. ಕೆಲವರು ನೌಕಾಪಡೆಯ ಕ್ವಾರ್ಟರ್ಸಿನವರು, ಕೆಲವರು ಇನ್ಫೋಪಾರ್ಕಿನ ಕೆಲಸದವರ ಮನೆಯವರು. ಮಂಜೇಶ್ವರ, ಕುಂಬಳೆ, ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಇಲ್ಲೇ ನೆಲೆಯಾದವರ ಮಕ್ಕಳು ಮೊಮ್ಮಕ್ಕಳೂ ಇದ್ದೀರಿ. ನಿಮ್ಮ ನೀರುದೋಸೆ, ಬಿಸಿಬೇಳೆಬಾತು, ಕೋರಿರೊಟ್ಟಿ ಉಂಡವಳು ನಾನು. ಬಹಳ ವರ್ಷ ವಿಲ್ಲಿಂಗ್ಡನ್ ಐಲ್ಯಾಂಡಿನ ಮೀನು ರಫ್ತು ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿದವಳಾದ್ದರಿಂದ ಈಚೆಗೆ ನಿಮ್ಮಲ್ಲಿ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: ಆಹಾರ ಸುರಕ್ಷತೆಯ ತರಬೇತಿ ಮಾಡಬೇಕಂತೆ, ಯಾವುದು ಮಾಡಲಿ? ಇನ್ನು ಕೆಲವರು ಸ್ವಲ್ಪ ನೊಂದುಕೊಂಡೇ ಕೇಳಿದಿರಿ: ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ, ನನ್ನ ಕೈ ಊಟದಿಂದ ಯಾರಿಗೂ ಏನೂ ಆಗಿಲ್ಲ, ನನಗೆ ಶುಚಿತ್ವ ಕಲಿಸುವವರು ಯಾರು? ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೆ. ಅಡುಗೆ ಬೇಯಿಸುವುದರಲ್ಲಿ ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಮಾರುವ ಅಡುಗೆಯಲ್ಲಿ ಅಪಾಯ ಹುಟ್ಟುವುದು ಹೆಚ್ಚಾಗಿ ಒಲೆ ಆರಿಸಿದ ಮೇಲೆ. ತಣಿಯುವ ಹೊತ್ತು, ಡಬ್ಬಿಗೆ ತುಂಬುವ ಹೊತ್ತು, ದಾರಿಯಲ್ಲಿ ಹೋಗುವ ಹೊತ್ತು, ಇನ್ನೊಬ್ಬರ ಮೇಜಿನ ಮೇಲೆ ಕಾಯುವ ಹೊತ್ತು. ಅದನ್ನು, ಅದೂ ನೀವು ಮಾಡುವ ಅಡುಗೆಗಳನ್ನೇ ಮುಂದಿಟ್ಟುಕೊಂಡು ಕಲಿಸುವ ತರಬೇತಿಯನ್ನು ಆರಿಸಿಕೊಳ್ಳಿ. ಗೋಡೆಗೆ ಹಾಕುವ ಪ್ರಮಾಣಪತ್ರ ಅದರ ಹಿಂದೆ ಬರಲಿ.

ನಮ್ಮ ಅಮ್ಮಂದಿರ ಅಡುಗೆಮನೆಯಲ್ಲಿ ಕಟ್ಟುನಿಟ್ಟು ಕಡಿಮೆ ಇರಲಿಲ್ಲ. ಎಂಜಲು ಕೈ ಪಾತ್ರೆಗೆ ತಾಗಬಾರದು. ಸೌಟಿನಲ್ಲಿ ರುಚಿ ನೋಡಿ ಅದೇ ಸೌಟನ್ನು ಸಾರಿಗೆ ಅದ್ದಬಾರದು. ಅನ್ನ ಮುಟ್ಟಿದ ಮುಸುರೆ ಕೈಯನ್ನು ಉಪ್ಪಿನಕಾಯಿ ಭರಣಿಗೆ ಹಾಕಬಾರದು. ಬಾಯಿಯ ಸೂಕ್ಷ್ಮಜೀವಿ ಸಾರಿಗೆ ಹೋಗದಂತೆ, ಅನ್ನದ ತೇವ ಭರಣಿಗೆ ಹೋಗಿ ಬೂಸಲು ಹಿಡಿಯದಂತೆ ತಡೆದ ಒಳ್ಳೆಯ ಕ್ರಮಗಳು ಇವು. ಜೊತೆಗೆ ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಕ್ರಮಗಳೂ ಇದ್ದವು, ಅವಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ, ಅವು ಹೋಗಬೇಕಾದವು. ಆದರೆ ಆ ಇಡೀ ಶಿಸ್ತಿನಲ್ಲಿ ಒಂದು ವಿಷಯ ಮಾತ್ರ ಇರಲಿಲ್ಲ: ಹೊತ್ತಿನ ಲೆಕ್ಕ. ಅದರ ಅಗತ್ಯವೇ ಬರಲಿಲ್ಲ. ಹನ್ನೆರಡೂವರೆಗೆ ಅನ್ನ ಬಸಿದರೆ ಒಂದು ಗಂಟೆಗೆ ಎಲೆ ಹಾಕುತ್ತಿದ್ದರು. ಉಳಿದದ್ದು ರಾತ್ರಿಗೆ, ಇಲ್ಲವೆ ದನದ ಬಾನಿಗೆ.

ಈಗ ನಿಮ್ಮ ದಿನ ಹೇಗಿದೆ ನೋಡಿ. ಬೆಳಗ್ಗೆ ಏಳಕ್ಕೆ ಪಲ್ಯ, ಎಂಟಕ್ಕೆ ಸಾಂಬಾರು, ಒಂಬತ್ತಕ್ಕೆ ಅನ್ನ. ಹತ್ತೂವರೆಗೆ ಡಬ್ಬಿ ಮುಚ್ಚುತ್ತೀರಿ. ಸ್ಕೂಟರಿನ ಹುಡುಗ ಹನ್ನೊಂದಕ್ಕೆ ಬರುತ್ತಾನೆ, ವೈಟಿಲದ ಸಿಗ್ನಲ್ಲಿನಲ್ಲಿ ನಿಲ್ಲುತ್ತಾನೆ, ಕಾಕ್ಕನಾಡಿನ ಕಚೇರಿಯ ಗೇಟಿನಲ್ಲಿ ಡಬ್ಬಿ ಇಟ್ಟು ಹೋಗುತ್ತಾನೆ. ಉಣ್ಣುವವನಿಗೆ ಮೀಟಿಂಗು ಮುಗಿಯುವುದು ಎರಡು ಗಂಟೆಗೆ. ಏಳು ಗಂಟೆಯ ಪಲ್ಯಕ್ಕೆ ಆಗ ಏಳು ತಾಸು ವಯಸ್ಸು. ಬೆಂದ ಅಡುಗೆಯನ್ನು ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗೆ ಇರಬೇಕು, ಇಲ್ಲವೆ 60ಕ್ಕಿಂತ ಬಿಸಿಯಾಗಿರಬೇಕು, ನಡುವಿನದ್ದು ಅಪಾಯದ ವಲಯ. ಕೊಚ್ಚಿಯ ಅಡುಗೆಮನೆ ವರ್ಷದ ಹೆಚ್ಚಿನ ದಿನ 30ರ ಆಸುಪಾಸಿನಲ್ಲೇ ಇರುತ್ತದೆ, ಆ ವಲಯದ ನಟ್ಟನಡುವೆ.

ಈ ಲೆಕ್ಕ ಕಲಿಸಿದ ಜಾಗ ನಮ್ಮ ಮಗ್ಗುಲಲ್ಲೇ ಇದೆ. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕೊಚ್ಚಿ ಬಂದರು ಕಟ್ಟುವಾಗ ಹಿನ್ನೀರಿನ ತಳದಿಂದ ಅಗೆದು ತೆಗೆದ ಮಣ್ಣಿನಿಂದ ಎದ್ದದ್ದು ವಿಲ್ಲಿಂಗ್ಡನ್ ಐಲ್ಯಾಂಡು. ಅದರ ಮತ್ಸ್ಯಪುರಿ ಭಾಗದಲ್ಲಿ 1957ರಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಇದೆ. ನಾವೆಲ್ಲ ಸಿಫ್ಟ್ ಎನ್ನುತ್ತೇವೆ. ಮೀನು ಹೇಗೆ ಕೆಡುತ್ತದೆ, ಹೇಗೆ ಕೆಡದಂತೆ ಇಡಬಹುದು ಎಂಬುದೇ ಅಲ್ಲಿನ ಕಸುಬು. 2018ರಲ್ಲಿ ಫಾರ್ಮಾಲಿನ್ ಬೆರೆಸಿದ ಮೀನು ಸಿಕ್ಕಿ ಕೇರಳವೆಲ್ಲ ಗಾಬರಿಯಾದಾಗ, ಕಾಗದದ ಪಟ್ಟಿಯಿಂದ ನಿಮಿಷಗಳಲ್ಲಿ ಪರೀಕ್ಷೆ ಮಾಡುವ ಕಿಟ್ಟು ಕೈಗೆ ಬಂದದ್ದು ಅಲ್ಲಿಂದಲೇ.

ಅದಕ್ಕೂ ಮುಂಚೆ, 1997ರಲ್ಲಿ, ಯುರೋಪಿಯನ್ ಒಕ್ಕೂಟ ಭಾರತದ ಮೀನು ಸಿಗಡಿಯ ಆಮದನ್ನೇ ನಿಲ್ಲಿಸಿತು. ನಮ್ಮ ಘಟಕಗಳ ಶುಚಿತ್ವ ಅವರ ಮಟ್ಟಕ್ಕಿಲ್ಲ ಎಂಬುದು ಕಾರಣ. ಅದೇ ವರ್ಷದ ಡಿಸೆಂಬರಿನಿಂದ ಅಮೆರಿಕವೂ ಸಮುದ್ರ ಆಹಾರಕ್ಕೆ ಹ್ಯಾಸಪ್ ಎಂಬ ಕ್ರಮವನ್ನು ಕಡ್ಡಾಯ ಮಾಡಿತು. ಬಾಹ್ಯಾಕಾಶಕ್ಕೆ ಹೋಗುವವರ ಊಟಕ್ಕಾಗಿ 1960ರ ದಶಕದಲ್ಲಿ ನಾಸಾದವರು, ಒಂದು ಹಿಟ್ಟಿನ ಕಂಪನಿ ಮತ್ತು ಅಮೆರಿಕದ ಸೇನೆಯ ಪ್ರಯೋಗಾಲಯ ಸೇರಿ ರೂಪಿಸಿದ ಕ್ರಮ ಅದು. ಮಾಡಿ ಮುಗಿಸಿದ ಆಹಾರವನ್ನು ಕೊನೆಯಲ್ಲಿ ಪರೀಕ್ಷಿಸುವ ಬದಲು, ಕೆಡುವ ಸಾಧ್ಯತೆ ಯಾವ ಹಂತದಲ್ಲಿದೆ ಎಂದು ಮೊದಲೇ ಗುರುತಿಸಿ ಆ ಹಂತವನ್ನು ಅಳೆದು ಕಾಯುವುದು ಅದರ ಸಾರ. ಕೊಚ್ಚಿ, ಆಲಪ್ಪುಳ ಕಡೆಯ ಶೆಡ್ಡುಗಳಲ್ಲಿ ನೆಲದ ಮೇಲೆ ಕುಳಿತು ಸಿಗಡಿ ಸುಲಿಯುತ್ತಿದ್ದ ಹೆಂಗಸರು ಉಕ್ಕಿನ ಮೇಜಿನ ಮುಂದೆ, ಕೈಗವಸು ತಲೆಟೋಪಿ ಹಾಕಿ ನಿಲ್ಲುವಂತಾಯಿತು. ಅವರಲ್ಲಿ ಬಹುಪಾಲು ಮಂದಿಗೆ ಸಿಗಡಿಯ ವಿಷಯದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಕೈಗೆ ಹತ್ತಿದ ಕಸುಬಿನ ಮೇಲೆ ಅವರು ಥರ್ಮಾಮೀಟರನ್ನೂ ಗಡಿಯಾರವನ್ನೂ ಕಲಿತರು. ಆ ಹೆಂಗಸರು ಕಲಿತದ್ದನ್ನು ಕಣ್ಣಾರೆ ಕಂಡವಳಿಗೆ, ಕಲಿಯುವುದರಿಂದ ಅಡುಗೆಯವಳ ಮರ್ಯಾದೆ ಕಡಿಮೆಯಾಗುತ್ತದೆ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ.

ನಿಮಗೆ ನೇರವಾಗಿ ತಾಗುವ ಒಂದು ಉದಾಹರಣೆ ಬಂಗುಡೆ. ಇಲ್ಲಿ ಅಯಲ ಅನ್ನುತ್ತಾರೆ. ಬೂತಾಯಿಗೆ ಚಾಳ, ಕೇದರಕ್ಕೆ ಚೂರ. ಈ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಐಸಿಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಮಾಡುತ್ತವೆ. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಅಲರ್ಜಿ ಎಂದುಕೊಂಡು ಸುಮ್ಮನಾಗುತ್ತಾರೆ. ಯುರೋಪಿಗೆ ಹೋಗುವ ಮಾಲಾದರೆ ಒಂದು ಲಾಟಿನಿಂದ ಒಂಬತ್ತು ಮಾದರಿ ತೆಗೆಯುತ್ತಾರೆ. ಸರಾಸರಿ ಕಿಲೋಗೆ 100 ಮಿಲಿಗ್ರಾಂ ಮೀರಬಾರದು, ಯಾವ ಒಂದು ಮಾದರಿಯೂ 200 ದಾಟಬಾರದು. ನಿಮ್ಮ ಮನೆಯ ಅಡುಗೆಗೆ ಈ ಪರೀಕ್ಷೆ ಇಲ್ಲ. ಹಿಸ್ಟಮೀನ್ ಒಮ್ಮೆ ಆಯಿತೆಂದರೆ ಎಷ್ಟು ಕುದಿಸಿದರೂ, ಎಷ್ಟು ಹುಳಿ ಖಾರ ಹಾಕಿ ಗಸಿ ಮಾಡಿದರೂ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಕು ಎಂಬ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮೀನಿನ ತೂಕದಷ್ಟೇ ಐಸು, ಮಾರ್ಕೆಟ್ಟಿನಿಂದ ಮನೆಯವರೆಗೂ: ಇದೊಂದೇ ದಾರಿ.

ಅನ್ನದ ವಿಷಯವೂ ಹಾಗೇ. ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಕುದಿಯುವ ನೀರಿನಲ್ಲಿ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಾಗ ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ 121 ಡಿಗ್ರಿಯಲ್ಲೂ ಕೆಡದು, ಒಗ್ಗರಣೆಯ ಬಿಸಿ ಅದಕ್ಕೆ ಏನೂ ಅಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳ ಫ್ರೈಡ್ ರೈಸಿನಿಂದ ಇದು ವೈದ್ಯರ ಕಣ್ಣಿಗೆ ಬಿತ್ತು. ರಾತ್ರಿ ಬೇಯಿಸಿಟ್ಟ ಅನ್ನವನ್ನು ಬೆಳಗ್ಗೆ ಹುರಿಯುತ್ತಿದ್ದರು. ನಮ್ಮ ಚಿತ್ರಾನ್ನ ಇದಕ್ಕೆ ತೀರ ದೂರದ್ದಲ್ಲ.

ಮೊಸರನ್ನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಬಹಳ ಮಂದಿ ಅದನ್ನು ಮಾರುತ್ತೀರಿ. ಮಧ್ಯಾಹ್ನಕ್ಕೆ ಹುಳಿಯಾಗದಿರಲೆಂದು ಬೆಳಗ್ಗೆ ಬೆಚ್ಚಗಿನ ಅನ್ನಕ್ಕೆ ಹೆಚ್ಚು ಹಾಲು, ಒಂದು ಚಮಚ ಮೊಸರು ಹಾಕಿ ಕಲಸುವುದು ನಮ್ಮ ಮನೆಮನೆಯ ಜಾಣತನ. ರುಚಿಗೆ ಅದು ಸರಿ. ಆದರೆ ಮೊಸರನ್ನವನ್ನು ಕಾಯುವುದೇ ಅದರ ಹುಳಿ. ಹಾಲು ಹೆಚ್ಚಿದ್ದಷ್ಟೂ ಹುಳಿ ಬರಲು ತಡ, ಅಷ್ಟು ಹೊತ್ತು ಹಾಲು ಅನ್ನ ಸೇರಿದ ಬೆಚ್ಚನೆಯ ಹಾಸು ಯಾವ ಬ್ಯಾಕ್ಟೀರಿಯಾಕ್ಕಾದರೂ ತೆರೆದಿರುತ್ತದೆ. ಅನ್ನವನ್ನು ಹರವಿ ಪೂರ್ತಿ ಆರಿಸಿ, ಒಳ್ಳೆಯ ಮೊಸರನ್ನೇ ಧಾರಾಳ ಹಾಕಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಐಸ್ ಪ್ಯಾಕಿನ ಜೊತೆ ಕಳಿಸಬೇಕು. ಹುಳಿ ಚೆನ್ನಾಗಿ ಹಿಡಿದ, ನೀರಿನಂಶ ಕಡಿಮೆಯಿರುವ ಪುಳಿಯೋಗರೆಯನ್ನು ನಮ್ಮ ಹಿರಿಯರು ತೀರ್ಥಯಾತ್ರೆಗೆ ಕಟ್ಟಿಕೊಂಡು ಹೋಗುತ್ತಿದ್ದುದರ ಹಿಂದೆಯೂ ಇದೇ ತಿಳುವಳಿಕೆ ಇದೆ.

ಇನ್ನು ಸಾಂಬಾರಿನ ದೊಡ್ಡ ಪಾತ್ರೆ. ನಾಲ್ಕು ಜನರ ಸಾಂಬಾರು ಬೇಗ ಆರುತ್ತದೆ. ನಲವತ್ತು ಜನರದ್ದು, ಮುಚ್ಚಿಟ್ಟರೆ, ಸಂಜೆಯವರೆಗೂ ಒಳಗೆ ಬೆಚ್ಚಗಿರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ 43ರಿಂದ 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲುದು. ಒಂದು ಇದ್ದದ್ದು ಎರಡು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಕೋಳಿ, ಮಟನ್ ಸಾರಿನ ದೊಡ್ಡ ಪಾತ್ರೆ ಇದಕ್ಕೆ ಇನ್ನೂ ಪ್ರಿಯ. ಆದ್ದರಿಂದ ನಾಳೆಗೆ ಇಡುವುದಿದ್ದರೆ ಅಗಲ ತಟ್ಟೆಗಳಿಗೆ ಎರಡು ಅಂಗುಲ ಆಳಕ್ಕೆ ಸುರಿದು, ಐಸು ಹಾಕಿದ ನೀರಿನ ಮೇಲೆ ಕೂರಿಸಿ ಬೇಗ ತಣಿಸಬೇಕು. ಅಮೆರಿಕದ ಆಹಾರ ಸಂಹಿತೆಯ ಅಳತೆ ಇದು: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ ನಾಲ್ಕು ಗಂಟೆಯೊಳಗೆ. ಬಿಸಿ ಪಾತ್ರೆಯನ್ನು ಹಾಗೇ ಮನೆಯ ಫ್ರಿಜ್ಜಿಗೆ ತಳ್ಳಿದರೆ ಸಾಂಬಾರೂ ತಣಿಯದು, ಪಕ್ಕದ ಹಾಲೂ ಬೆಚ್ಚಗಾಗುತ್ತದೆ. ಬೇಯಿಸಿಯೇ ಇರದ ತೆಂಗಿನಕಾಯಿ ಚಟ್ನಿ ಇದೆಲ್ಲಕ್ಕಿಂತ ಬೇಗ ಕೆಡುತ್ತದೆ ಎಂದು ನಿಮಗೆ ಗೊತ್ತೇ ಇದೆ. ರುಬ್ಬಿದ ನೀರು ಯಾವುದು ಎಂದು ಮಾತ್ರ ಕೇಳಿಕೊಳ್ಳಿ. ಪಶ್ಚಿಮ ಕೊಚ್ಚಿಯಲ್ಲಿ ಟ್ಯಾಂಕರ್ ನೀರಿನ ದಿನಗಳು ಬರುತ್ತವೆ, ಚಟ್ನಿಗೂ ಮಜ್ಜಿಗೆಗೂ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಹೊತ್ತಿನ ಲೆಕ್ಕದ ಜೊತೆ ಕೈಯ ಶುಚಿಯೂ ಬೇಕು. 2022ರ ಮೇ ತಿಂಗಳ ಮೊದಲ ದಿನ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವಾರು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಹತ್ತರಿಂದ ನೂರು ಜೀವಿಗಳು ಹೊಟ್ಟೆ ಸೇರಿದರೂ ಸಾಕು, ಕಾಯಿಲೆ ಬರುತ್ತದೆ. ಅದು ಬರುವ ದಾರಿ ಮನುಷ್ಯರ ಮಲ, ನೀರು, ತೊಳೆಯದ ಕೈ. ಆ ಹುಡುಗಿಯ ವಯಸ್ಸಿನ ಮಕ್ಕಳಿಗೆ ನಿಮ್ಮಲ್ಲಿ ಹಲವರು ದಿನವೂ ಡಬ್ಬಿ ಕಳಿಸುತ್ತೀರಿ. ಕೈ ತೊಳೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ತರಬೇತಿಯ ಆ ಭಾಗವನ್ನು ಹಾರಿಸಬೇಡಿ. ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು, ಉಗುರಿನ ಸಂದಿ, ಹೆಬ್ಬೆರಳಿನ ಬುಡ, ಆಮೇಲೆ ಸೆರಗಿಗೆ ಒರೆಸದೆ ಶುದ್ಧ ಟವೆಲ್ಲಿಗೆ ಒರೆಸುವುದು. ಒಬ್ಬರು ನೋಡಿ ತಿದ್ದಿದರೇ ಇದು ರೂಢಿಯಾಗುವುದು.

ತಾನು ಗಟ್ಟಿಮುಟ್ಟಾಗಿದ್ದರೂ ಕಾಯಿಲೆ ಹರಡಬಹುದು ಎಂಬುದನ್ನು ಜಗತ್ತಿಗೆ ತೋರಿಸಿದವಳೂ ಮನೆಯಡುಗೆಯವಳೇ. ನ್ಯೂಯಾರ್ಕಿನ ಶ್ರೀಮಂತ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಐರಿಷ್ ಹೆಂಗಸು ಮೇರಿ ಮ್ಯಾಲನ್. ಒಂದು ದಿನವೂ ಟೈಫಾಯಿಡಿನಿಂದ ಮಲಗಿದ ನೆನಪು ಅವಳಿಗಿರಲಿಲ್ಲ, ಆದರೆ ಅವಳು ಅಡುಗೆ ಮಾಡಿದ ಮನೆಗಳಲ್ಲಿ ಟೈಫಾಯಿಡ್ ಬರುತ್ತಿತ್ತು. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದ ಆಸ್ಪತ್ರೆಯಲ್ಲಿಟ್ಟರು. 1910ರಲ್ಲಿ ಬಿಟ್ಟರು. ಬೇರೆ ಕಸುಬಿನ ಸಂಬಳ ಸಾಲದೆ ಹೆಸರು ಬದಲಿಸಿ ಮತ್ತೆ ಅಡುಗೆಗೆ ಹೋದಳು. 1915ರಲ್ಲಿ ಮತ್ತೆ ಹಿಡಿದು 1938ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಅವಳ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವಳನ್ನು ದೂರಿದವರು ಬಹಳ, ಕೂರಿಸಿಕೊಂಡು ಅರ್ಥವಾಗುವಂತೆ ವಿವರಿಸಿದವರು ಕಡಿಮೆ. ಕೇರಳದಲ್ಲಿ 2023ರಿಂದ ಆಹಾರ ಮುಟ್ಟುವ ಕೆಲಸದವರಿಗೆಲ್ಲ ಹೆಲ್ತ್ ಕಾರ್ಡು ಕೇಳುತ್ತಿದ್ದಾರಲ್ಲ, ವೈದ್ಯರ ತಪಾಸಣೆ, ಟೈಫಾಯಿಡ್ ಲಸಿಕೆ, ಅದನ್ನು ಅನುಮಾನವೆಂದು ತಿಳಿಯಬೇಡಿ. ಅದೇ ವರ್ಷದ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ಸರ್ಕಾರ ನಿಷೇಧಿಸಿತು. ಪಾರ್ಸೆಲ್ಲಿನ ಮೇಲೆ ತಯಾರಿಸಿದ ಹೊತ್ತು, ಉಣ್ಣಬೇಕಾದ ಹೊತ್ತು ಬರೆದ ಚೀಟಿ ಅಂಟಿಸಬೇಕೆಂದಿತು. ಈ ಚೀಟಿ ನಿಮಗೆ ದೊಡ್ಡ ರಕ್ಷೆ. ಎರಡು ಗಂಟೆಯ ಮೀಟಿಂಗಿನವನಿಗೆ ನೀವು ಹೇಳಬೇಕಾದ್ದನ್ನು ಅದು ಹೇಳುತ್ತದೆ.

ಈಗ ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಮೊದಲು ನೋಂದಣಿ ಮತ್ತು ತರಬೇತಿ ಬೇರೆ ಬೇರೆ ಎಂಬುದು ತಿಳಿದಿರಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯಿಂದ ಮಾರುವವರೂ ಆಹಾರ ವ್ಯಾಪಾರಿಗಳೇ. ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು, ಆನ್‌ಲೈನಿನಲ್ಲೇ ಆಗುತ್ತದೆ. ಸಿಗುವ 14 ಅಂಕಿಯ ಸಂಖ್ಯೆ ನೀವು ಯಾರು, ಎಲ್ಲಿದ್ದೀರಿ ಎಂದು ಹೇಳುತ್ತದೆಯೇ ಹೊರತು ಕಲಿತಿದ್ದೀರಿ ಎಂದಲ್ಲ. ಕಲಿಕೆಗೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ಫಾಸ್ಟ್ಯಾಕ್ ಎಂಬ ತರಬೇತಿ ಕ್ರಮ ತಂದಿದೆ. ಮೂಲ ಹಂತ ಸುಮಾರು ನಾಲ್ಕು ಗಂಟೆ, ಮುಂದಿನ ಹಂತ ಸುಮಾರು ಎಂಟು. ಪ್ರಮಾಣಪತ್ರಕ್ಕೆ ಎರಡು ವರ್ಷ ಆಯಸ್ಸು.

ಫಾಸ್ಟ್ಯಾಕಿನಲ್ಲಿ ಒಂದೇ ಪಾಠ ಇಲ್ಲ, ವಿಭಾಗಗಳಿವೆ, ಹೆಚ್ಚಿನವರು ಎಡವುವುದು ಇಲ್ಲೇ. ಊಟದ ಡಬ್ಬಿ ಕಳಿಸುವವರಿಗೆ ಕೇಟರಿಂಗಿನದ್ದು ಹೊಂದುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯವರಿಗೆ ತಯಾರಿಕೆಯದ್ದು. ಕೇಕಿನವರಿಗೆ ಬೇಕರಿಯದ್ದು. ಗೆಳತಿ ಹೋದಳೆಂದು ಅವಳ ಜೊತೆ ಸಿಕ್ಕಿದ್ದಕ್ಕೆ ಸೇರಬೇಡಿ. ಊಟದವರಿಗೆ ನನ್ನ ಸಲಹೆ: ದಿನಕ್ಕೆ ಇಪ್ಪತ್ತು ಡಬ್ಬಿ ದಾಟಿದರೆ ಮೂಲ ಹಂತಕ್ಕೆ ನಿಲ್ಲಬೇಡಿ. ಮನೆಯಡುಗೆಯಲ್ಲಿ ಯಜಮಾನಿ, ಮೇಲ್ವಿಚಾರಕಿ, ಪಾತ್ರೆ ತೊಳೆಯುವವಳು ಎಲ್ಲ ಹೆಚ್ಚಾಗಿ ನೀವೊಬ್ಬರೇ. ಹೋಟೆಲಿನಲ್ಲಿ ಬೇರೆ ಬೇರೆಯವರು ತಿಳಿದಿರುವುದೆಲ್ಲ ನಿಮ್ಮೊಬ್ಬರಿಗೇ ಬೇಕು.

ಉಪ್ಪಿನಕಾಯಿಯವರಿಗೆ ನಾಲ್ಕು ಗಂಟೆಯ ಪಾಠ ಯಾವುದೇ ಆದರೂ ಸಾಲದು. ಮಾವು, ನಿಂಬೆ ತಾವೇ ಹುಳಿ, ಉಪ್ಪೂ ಸೇರಿ ಕಾಯುತ್ತವೆ. ಬೆಳ್ಳುಳ್ಳಿ, ಅಣಬೆ, ಮೀನು, ಸಿಗಡಿ ಹಾಗಲ್ಲ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಮೇಲಿದ್ದು, ಮೇಲೆ ಎಣ್ಣೆ ನಿಂತು ಗಾಳಿ ತಡೆದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಜಾಗವಾಗುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಮಂದಿಗೆ ಅದು ಬಂತು. ಅದರ ವಿಷ ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಇಂಥ ಉಪ್ಪಿನಕಾಯಿ ಮಾಡುವವರು ಪಿಎಚ್ ಅಳೆಯುವುದನ್ನು ಕೈಯಾರೆ ಮಾಡಿಸುವ ಕಡೆ ಕಲಿಯಬೇಕು. ಮೀನು ಸಿಗಡಿಗೆ ಸಿಫ್ಟಿನ ತರಬೇತಿಗಳು ಕಣ್ಣೆದುರಿಗೇ ಇವೆ. ತರಕಾರಿ, ಹಣ್ಣು, ಮಸಾಲೆಗೆ ಮೈಸೂರಿನ ಸಿಎಫ್‌ಟಿಆರ್‌ಐ ನಡೆಸುವ ಕಿರು ಅವಧಿಯ ಕೋರ್ಸುಗಳಿವೆ. 1950ರಿಂದ ಚೆಲುವಾಂಬ ಅರಮನೆಯಲ್ಲಿರುವ ಆಹಾರ ತಂತ್ರಜ್ಞಾನ ಸಂಸ್ಥೆ ಅದು. ಖರ್ಚು ಹೆಚ್ಚು, ಊರಿಗೆ ಹೋದಾಗ ಕೆಲವು ದಿನ ಮೀಸಲಿಡಬೇಕು. ಮಾರಾಟ ಗಂಭೀರವಾಗಿ ಮಾಡುವುದಾದರೆ ಆ ಖರ್ಚು ಮಾಡಿ.

ಸಂಸ್ಥೆ ಆರಿಸಿದ ಮೇಲೂ ಹಣ ಕಟ್ಟುವ ಮುಂಚೆ ಫೋನು ಮಾಡಿ ಮಾತಾಡಿ. ಫಾಸ್ಟ್ಯಾಕ್ ಎಂದರೆ ಅವರ ಹೆಸರು ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿದೆಯೇ ನೋಡಿ. ತರಗತಿಗೆ ಬರಬೇಡಿ, ಹಣ ಕಳಿಸಿ, ಸರ್ಟಿಫಿಕೇಟು ಮನೆಗೆ ಬರುತ್ತದೆ ಎಂದವರ ಫೋನು ಅಲ್ಲೇ ಇಡಿ. ಪಾಠ ಹೇಳುವವರು ಅಡುಗೆಮನೆಯಲ್ಲಿ ಕೆಲಸ ಮಾಡಿದ್ದಾರೆಯೇ ಕೇಳಿ. ತರಗತಿಗೆ ಥರ್ಮಾಮೀಟರ್ ತರುತ್ತಾರೆಯೇ ಕೇಳಿ, ಈ ಒಂದು ಪ್ರಶ್ನೆಯಿಂದಲೇ ಅರ್ಧ ತಿಳಿಯುತ್ತದೆ. ಒಳ್ಳೆಯ ಶಿಕ್ಷಕರು ಮೊದಲು ಅದನ್ನು ಐಸು ನೀರಿಗೆ ಅದ್ದಿ 0 ತೋರಿಸುತ್ತದೆಯೇ ನೋಡಿಸುತ್ತಾರೆ, ಕುದಿಯುವ ನೀರಿಗೆ ಅದ್ದಿ 100 ನೋಡಿಸುತ್ತಾರೆ. ಕೊಚ್ಚಿ ಸಮುದ್ರ ಮಟ್ಟದಲ್ಲಿರುವುದರಿಂದ ಇಲ್ಲಿ 100. ಬೆಂಗಳೂರಿಗೆ ವರ್ಗವಾಗಿ ಹೋದರೆ ಅಲ್ಲಿ 97ರ ಹತ್ತಿರವೇ ಕುದಿಯುತ್ತದೆ, ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಕೊನೆಗೆ, ನಾನು ಮೊಸರನ್ನ ಮಾರುತ್ತೇನೆ, ಅದರ ಬಗ್ಗೆ ಏನು ಹೇಳಿಕೊಡುತ್ತೀರಿ ಎಂದು ಕೇಳಿ. ಬರ್ಗರು, ಸ್ಯಾಂಡ್‌ವಿಚ್ಚಿನ ಸ್ಲೈಡು ತೋರಿಸಿ ಮುಗಿಸುವ ಪಾಠ ನಿಮಗಲ್ಲ.

ಆನ್‌ಲೈನ್ ಸಾಲದೇ ಎಂದು ಬಹಳ ಮಂದಿ ಕೇಳಿದಿರಿ. ಕೈಕೂಸಿರುವವರಿಗೆ, ದೂರ ಹೋಗಲಾಗದವರಿಗೆ ಅದು ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಆದರೆ ಭಾಷೆ ನೋಡಿಕೊಳ್ಳಿ. ಇಲ್ಲಿನ ತರಗತಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ನೀವು ಮಾರ್ಕೆಟ್ಟಿನ ಮಲಯಾಳ ಮಾತಾಡುತ್ತೀರಿ, ಪಾಠದ ಮಲಯಾಳ ಬೇರೆ. ಅರ್ಥವಾಗದ ಎಂಟು ಗಂಟೆಗಿಂತ ಅರ್ಥವಾದ ನಾಲ್ಕು ಗಂಟೆ ಮೇಲು. ನಿಮ್ಮ ಜೊತೆ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹೆಂಗಸಿದ್ದರೆ ಅವಳನ್ನೂ ಕಳಿಸಿ, ಅವಳ ಫೀಸು, ಆ ದಿನದ ಸಂಬಳ ಎರಡೂ ನೀವೇ ಕೊಡಿ. ಅವಳ ಕೈಯೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಆಹಾರ ಮುಟ್ಟುತ್ತದೆ. ಬೆರಳಿಗೆ ಗಾಯವಾದರೆ, ಹೊಟ್ಟೆ ಕೆಟ್ಟರೆ ಹೇಳಿ ರಜೆ ಹಾಕುವ ಧೈರ್ಯ ಅವಳಿಗೆ ಬರಬೇಕಾದರೆ ಆ ದಿನದ ಸಂಬಳ ಕತ್ತರಿಸಬಾರದು.

ಅಲರ್ಜಿಯ ಪಾಠ ಇರುವ ತರಬೇತಿಯನ್ನೇ ಹುಡುಕಿ. ಇಂಗಿನಲ್ಲಿ ಗೋಧಿಹಿಟ್ಟು ಇರುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಅಂಗಡಿಯ ಡಬ್ಬಿಯ ಇಂಗು ಹೆಚ್ಚಾಗಿ ಅಂಟು ಮತ್ತು ಹಿಟ್ಟಿನ ಜೊತೆ ಕಲಸಿದ್ದು. ಗೋಧಿ ತಿನ್ನಬಾರದ ಸೀಲಿಯಾಕ್ ಕಾಯಿಲೆಯವರಿಗೆ ಅನ್ನ ಸಾರು ಸುರಕ್ಷಿತವೆಂದು ನಾವು ಭಾವಿಸಿ ಕಳಿಸುತ್ತೇವೆ. ಚಟ್ನಿಪುಡಿಯ ಕಡಲೆಕಾಯಿಯೂ ಕೆಲವರ ಜೀವಕ್ಕೆ ಅಪಾಯ. ಅಲರ್ಜಿಯಲ್ಲದಿದ್ದರೂ ತಿಳಿದಿರಬೇಕಾದ ಇನ್ನೆರಡು ಮಾತು. ಮುಗ್ಗುಲು ಹಿಡಿದ ಕೊಬ್ಬರಿ, ಕಡಲೆಕಾಯಿಗಳಲ್ಲಿ ಅಫ್ಲಟಾಕ್ಸಿನ್ ಎಂಬ ಬೂಸಲಿನ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗದು. ಬಿಸಿ ಬೋಂಡ ಸುತ್ತುವ ಪತ್ರಿಕೆಯ ಹಾಳೆಯನ್ನೂ ಬಿಡಿ, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ ಎಂದು ಎಫ್‌ಎಸ್‌ಎಸ್‌ಎಐ ಮತ್ತೆ ಮತ್ತೆ ಹೇಳಿದೆ.

ಒಂಟಿಯಾಗಿ ಇದೆಲ್ಲ ಭಾರವೆನಿಸುತ್ತದೆ, ನನಗೆ ಗೊತ್ತು. ಕುಟುಂಬಶ್ರೀಯ ಹೆಂಗಸರನ್ನು ನೋಡಿ. 1998ರಲ್ಲಿ ಶುರುವಾದ ಆ ಸಂಘಟನೆಯವರು 2024ರಲ್ಲಿ ತಿರುವನಂತಪುರದಲ್ಲಿ ಲಂಚ್ ಬೆಲ್ ಎಂಬ ಹೆಸರಿನಲ್ಲಿ ಕಚೇರಿಗಳಿಗೆ ಸ್ಟೀಲ್ ಡಬ್ಬಿಯ ಊಟ ಕಳಿಸಲು ಶುರು ಮಾಡಿದರು. ಒಟ್ಟಾಗಿದ್ದರೆ ತರಬೇತಿ ನಮ್ಮ ಮನೆಬಾಗಿಲಿಗೆ ಬರುತ್ತದೆ, ಬೇಕಾದ ಪಾಠವನ್ನೂ ಕೇಳಿ ಪಡೆಯಬಹುದು.

ಅದಕ್ಕೇ ಒಂದು ವಿನಂತಿ. ನಿಮ್ಮ ನಿಮ್ಮ ಭಜನೆ, ಕನ್ನಡ ಕೂಟ, ಮಕ್ಕಳ ಶಾಲೆಯ ಗುಂಪುಗಳಲ್ಲಿ ಮಾತಾಡಿ, ಇಪ್ಪತ್ತೈದು ಮೂವತ್ತು ಮಂದಿಯ ಒಂದು ಪಟ್ಟಿ ಮಾಡಿ. ಹೆಸರಿನ ಮುಂದೆ ನೀವು ಮಾರುವ ಮೂರು ಅಡುಗೆ, ಯಾವ ಹೊತ್ತಿಗೆ ಒಲೆ ಆರಿಸುತ್ತೀರಿ, ಯಾವ ಹೊತ್ತಿಗೆ ಅದನ್ನು ಉಣ್ಣುತ್ತಾರೆ ಎಂದು ಬರೆಯಿರಿ. ಆ ಪಟ್ಟಿ ಹಿಡಿದು ತರಬೇತುದಾರರ ಬಳಿ ನಾನು ಬರುತ್ತೇನೆ. ಕನ್ನಡದಲ್ಲಿ ಹೇಳಬಲ್ಲವರನ್ನು ಮಂಗಳೂರು ಕಾಸರಗೋಡು ಕಡೆಯಿಂದಾದರೂ ಕರೆಸಿ ಎಂದು ಕೇಳೋಣ. ಸಿಗದಿದ್ದರೆ ಮಲಯಾಳದ ಪಾಠಕ್ಕೆ ನಾನೇ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತೇನೆ. ಭಾನುವಾರವಾದರೆ ಡಬ್ಬಿಯ ಕೆಲಸಕ್ಕೂ ತೊಂದರೆಯಿಲ್ಲ. ಬರುವಾಗ ನಿಮ್ಮ ಮನೆಯ ಥರ್ಮಾಮೀಟರನ್ನು, ಇಲ್ಲದವರು ಹೊಸದೊಂದನ್ನು ಕೊಂಡು ತನ್ನಿ. ಜ್ವರ ನೋಡುವುದು ಬೇಡ, ಉದ್ದ ಕಡ್ಡಿಯ, ಅಡುಗೆಗೆಂದೇ ಮಾಡಿದ್ದು.

ಇತಿ,
ನಿಮ್ಮ ಊಟ ಉಂಡವಳು,
ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ